ನಾವು ಮುರಿದ ಗರಿ

ಕೋಚಿಗೆ ಹೋಗ್ತಿದೀವಿ ಅಂದಾಗ ಹಾಸ್ಟೆಲ್‌ನಲ್ಲಿ ಎಲ್ರೂ ಬಾಳೆಕಾಯಿ ಚಿಪ್ಸ್ ತರೋಕೆ ಹೇಳಿದ್ರು. ಅದು ಕೇರಳದ ಕೊಚ್ಚಿ. ನಾವಿಬ್ಬರು ಇಂಟರ್ನ್‌ಶಿಪ್‌ಗೆ ಹೋಗಿದ್ದು ಜಪಾನಿನ ಶಿಕೋಕು ದ್ವೀಪದ ಕೋಚಿಗೆ. ಅಲ್ಲಿ ಒಂದು ಭಾನುವಾರ ಲ್ಯಾಬ್‌ನ ಗೆಳೆಯನೊಬ್ಬ ನಮ್ಮನ್ನು ಪಕ್ಕದ ನಾನ್ಕೊಕು ಊರಿಗೆ, ಒನಗದೊರಿ ಸಾಕುವ ಅಜ್ಜನೊಬ್ಬರ ಮನೆಗೆ ಕರ್ಕೊಂಡು ಹೋದ.

ಒನಗದೊರಿ ಅಂದ್ರೆ ಉದ್ದ ಬಾಲದ ಕೋಳಿ. ನಮ್ಮೂರ ಹುಂಜ ವರ್ಷಕ್ಕೊಮ್ಮೆ ಗರಿ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತೆ. ಈ ತಳಿಯ ಹುಂಜದ ಬಾಲದಲ್ಲಿ ಕೆಲವು ಗರಿಗಳು ಉದುರೋದೇ ಇಲ್ಲ. ವರ್ಷಕ್ಕೆ ಹತ್ತಿರ ಹತ್ತಿರ ಒಂದು ಮೀಟರ್ ಬೆಳೀತಾನೇ ಇರ್ತವೆ. 10 ಮೀಟರ್ ದಾಟಿದ ಬಾಲಗಳೂ ಇದ್ದವಂತೆ. 1952ರಲ್ಲಿ ಜಪಾನ್ ಸರ್ಕಾರ ಈ ತಳಿಯನ್ನು ವಿಶೇಷ ನೈಸರ್ಗಿಕ ಸ್ಮಾರಕ ಅಂತ ಘೋಷಿಸಿತು. ಹೇಂಟೆಗಳಿಗೆ ಈ ಬಾಲದ ಭಾಗ್ಯ ಇಲ್ಲ, ಪುಣ್ಯಕ್ಕೆ.

ಪುಣ್ಯಕ್ಕೆ ಯಾಕಂದ್ರೆ, ಹುಂಜ ಇರೋದು ತೊಮೆಬಾಕೊ ಅನ್ನೋ ಪೆಟ್ಟಿಗೆಯಲ್ಲಿ. ಆಳೆತ್ತರ ಇರುತ್ತೆ, ಆದರೆ ಒಳಗೆ ತಿರುಗೋಕೂ ಜಾಗ ಇಲ್ಲದಷ್ಟು ಕಿರಿದು. ಮೇಲೊಂದು ಅಡ್ಡಕೋಲು, ಅದರ ಮೇಲೆ ಹುಂಜ, ಹಿಂದೆ ಇಳಿಬಿದ್ದ ಬಾಲ. ಕಾಳು, ನೀರು, ಸೊಪ್ಪು ಎಲ್ಲ ಕೂತಲ್ಲಿಗೇ. ನಮ್ಮಲ್ಲೊಬ್ಬನ ಮನೆ ಮಂಡ್ಯದ ಹತ್ರ. "ಪಾಪ ಕಣೋ, ನಮ್ಮವ್ವ ಮಂಕರಿ ಮುಚ್ಚೋದು ರಾತ್ರಿ ಮಾತ್ರ" ಅಂದ. ಅಜ್ಜನಿಗೆ ಅರ್ಥ ಆಗಲಿಲ್ಲ, ಒಳ್ಳೇದೇ ಆಯ್ತು.

ಗರಿ ಕೊಳೆಯಾಗಬಾರದು, ಮುರೀಬಾರದು ಅಂತ ಇಷ್ಟೆಲ್ಲ. ಹಾಗಾಗಿ ಹುಂಜವನ್ನು ಕೆಳಗಿಳಿಸಿ ಓಡಾಡಿಸುವಾಗ ಹಿಂದೆ ಒಬ್ಬರು ಬಾಲ ಎತ್ತಿ ಹಿಡ್ಕೊಂಡು ನಡೀಬೇಕು. ಅಜ್ಜ ಬಾಲವನ್ನು ನಮ್ಮ ಕೈಗೆ ಕೊಟ್ಟರು. ಸುಮಾರು ಮೂರು ಮೀಟರ್ ಇತ್ತು. ಅಂಗಳದಲ್ಲಿ ಹುಂಜ ಯಾವುದೋ ಹುಳು ಕಂಡು ಓಡಿತು. ನಾವೂ ಓಡಿದೆವು. ಕೈಯಿಂದ ಒಂದು ಗರಿ ಜಾರಿತು, ಮೇಲೆ ಶೂ ಬಿತ್ತು. ಯಾರ ಶೂ ಅಂತ ನಾವಿಬ್ಬರೂ ಇವತ್ತಿಗೂ ಹೇಳಲ್ಲ.

ತೋಳುದ್ದದ ತುಂಡು. ಹೆಚ್ಚುಕಮ್ಮಿ ಒಂದು ವರ್ಷದ ಬೆಳವಣಿಗೆ. ಕಂಟ್ರೋಲ್ ಝಡ್ ಒತ್ತೋಕೆ ಆಗಲ್ಲ.

ಅಜ್ಜ ಮೊದಲು ನೋಡಿದ್ದು ತುಂಡನ್ನಲ್ಲ. ಹುಂಜವನ್ನು ಎತ್ತಿ, ಬಾಲದ ಬುಡ ಸರಿಸಿ, ರಕ್ತ ಬಂದಿದೆಯಾ ಅಂತ ನೋಡಿದರು. ಆಮೇಲೆ ಏನೋ ಹೇಳಿದರು. ಗೆಳೆಯ ಸ್ವಲ್ಪ ತಡೆದು ಅನುವಾದ ಮಾಡಿದ: "ಬುಡ ಚೆನ್ನಾಗಿದೆ, ಮತ್ತೆ ಬೆಳೆಯುತ್ತೆ. ಅಲ್ಲೀವರೆಗೆ ನಾನಿದ್ದರೆ ನೋಡ್ತೀನಿ ಅಂತಿದಾರೆ."

ನಮಗೆ ಗೊತ್ತಿದ್ದ ಜಪಾನಿ ಕ್ಷಮೆಯ ಮಾತೆಲ್ಲ ಎರಡು ನಿಮಿಷದಲ್ಲಿ ಖಾಲಿ. ಅಜ್ಜ ತುಂಡನ್ನು ಒರೆಸಿ ಅಂಗಿ ಜೇಬಿಗೆ ಸಿಕ್ಕಿಸಿಕೊಂಡರು. ಹುಂಜವನ್ನು ಮತ್ತೆ ನೆಲಕ್ಕೆ ಬಿಟ್ಟು, ಬಾಲ ಸುತ್ತಿ ನಮ್ಮ ಕೈಗೇ ಕೊಟ್ಟರು. ಅದರ ಓಡಾಟದ ಹೊತ್ತು ಇನ್ನೂ ಮುಗಿದಿರಲಿಲ್ಲ. ಹುಂಜ ಮಣ್ಣು ಕೆದಕ್ತಾ ಮುಂದೆ ಹೋಯ್ತು. ನಾವು ಶೂ ಬಿಚ್ಚಿಟ್ಟು ಹಿಂದೆ ನಡೆದೆವು.