ಹಳಿಯ ಮೇಲಿನ ಗರಗಸ

ಮುದ್ದೇನಹಳ್ಳಿಗೆ ಬರುವವರು ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ನೋಡಿ, ಸಮಾಧಿಯ ಬಳಿ ಒಂದು ಗಳಿಗೆ ನಿಂತು ಹೋಗುತ್ತಾರೆ. ಅದೇ ಊರಿನಲ್ಲಿ ನಮ್ಮದೊಂದು ಮರಗೆಲಸದ ಶೆಡ್ಡು. ಅಬ್ಬಾ ಕೈಗರಗಸದಲ್ಲೇ ಹಲಸು, ಬೇವು ಕೊಯ್ದು ಬಾಗಿಲು, ಕಿಟಕಿ, ತೊಟ್ಟಿಲು ಮಾಡಿದವರು. ಪ್ರವಾದಿ ಝಕರಿಯ್ಯಾ(ಅ) ಬಡಗಿಯಾಗಿದ್ದರೆಂಬ ಹದೀಸನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು.

ನಮ್ಮ ಕಾಲಕ್ಕೆ ಕೆಲಸವೆಲ್ಲ ಪ್ಲೈವುಡ್ಡಿನದಾಯಿತು. ಎಂಟಡಿ ಉದ್ದ, ನಾಲ್ಕಡಿ ಅಗಲದ ಶೀಟನ್ನು ಗೆರೆ ತಪ್ಪದೆ ಸೀಳಬೇಕು. ಕೈಯಲ್ಲಿ ಹಿಡಿದು ಓಡಿಸುವ ಸರ್ಕ್ಯುಲರ್ ಗರಗಸ ತಂದೆವು. ಗಾರ್ಡ್ ಅಡ್ಡ ಬರುತ್ತದೆಂದು ಅದನ್ನು ಬಿಚ್ಚಿಟ್ಟೆವು. 2016ರ ಒಂದು ಸಂಜೆ, ಎರಡು ತುದಿಗಷ್ಟೇ ಆಧಾರವಿದ್ದ ಶೀಟು ನಡುವೆ ಕುಸಿದು, ಕೊಯ್ದ ಸಂದು ಬ್ಲೇಡನ್ನು ಕಚ್ಚಿತು. ಯಂತ್ರ ಹಿಂದಕ್ಕೆ ಹಾರಿತು. ಭಾಯಿಯ ಎಡಗೈಯ ಎರಡು ಬೆರಳ ತುದಿ ಹೋಯಿತು. ಯಂತ್ರವನ್ನು ದೂರಲಾರೆ. ಗಾರ್ಡ್ ಬಿಚ್ಚಿದವನು ನಾನು.

ಆಮೇಲೆ ಎಷ್ಟೋ ತಿಂಗಳು ಅಬ್ಬಾ ಆ ಹದೀಸನ್ನು ಹೇಳಲಿಲ್ಲ.

ಟ್ರ್ಯಾಕ್ ಗರಗಸದ ಬಗ್ಗೆ ಬೆಂಗಳೂರಿನ ಗೆಳೆಯನೊಬ್ಬ ಹೇಳಿದ. ಅಲ್ಯೂಮಿನಿಯಮ್ ಹಳಿಯ ಮೇಲೆ ಜಾರುತ್ತದೆ. ಬ್ಲೇಡು ಕವಚದೊಳಗೇ ಇದ್ದು, ಒತ್ತಿದಾಗ ಮಾತ್ರ ಕೆಳಗಿಳಿಯುತ್ತದೆ. ಬೆಲೆ ಕೇಳಿ ಸುಮ್ಮನಾದೆ. ಅಂಗಡಿಯವರು ಕಂತಿನಲ್ಲಿ ಕೊಡುತ್ತೇವೆಂದರು. ಬಡ್ಡಿಯಿತ್ತು, ಅಬ್ಬಾ ಒಪ್ಪಲಿಲ್ಲ. ಎರಡು ವರ್ಷ ಕೂಡಿಟ್ಟೆವು. ಅಲ್ಲಿಯವರೆಗೆ ತೆಳು ಹಲಗೆಯ ಮೇಲೆ ನೇರ ಪಟ್ಟಿ ಅಂಟಿಸಿ ನಾವೇ ಮಾಡಿಕೊಂಡ ಹಳಿಯೇ ಗತಿ. ಅದೂ ಕೆಟ್ಟದ್ದೇನಲ್ಲ, ಗಾರ್ಡ್ ಹಾಕಿದ ಗರಗಸವಿದ್ದರೆ ಸಾಕು.

ಕೊಳ್ಳುವಾಗ ನಾನು ಮೊದಲು ನೋಡಿದ್ದು ಹಳಿಯ ಉದ್ದ. 1400 ಮಿ.ಮೀ.ನ ಹಳಿ ಶೀಟಿನ ಅಗಲಕ್ಕೆ ಸಾಲುತ್ತದೆ, 2440 ಮಿ.ಮೀ. ಉದ್ದಕ್ಕೆ ಸಾಲದು, ಎರಡನ್ನು ಜೋಡಿಸಬೇಕು. ಆಮೇಲೆ ಬ್ಲೇಡಿನ ಹಿಂದಿರುವ ಸೀಳುಪಟ್ಟಿ: ಕೊಯ್ದ ಸಂದು ಮುಚ್ಚದಂತೆ ತಡೆಯುವುದು ಅದೇ. ಆ ಸಂಜೆ ನಮ್ಮಲ್ಲಿ ಇರದೇ ಹೋದದ್ದೂ ಅದೇ. ಧೂಳು ಹೀರುವ ಪೈಪು ಜೋಡಿಸಲು ಬಾಯಿಯೂ ಬೇಕು. ಪ್ಲೈವುಡ್ಡಿನ ಧೂಳು ಎದೆಗೆ ಒಳ್ಳೆಯದಲ್ಲ.

ಬಳಸುವಾಗ ಶೀಟಿನಡಿ ಪೂರ್ತಿ ಥರ್ಮಾಕೋಲ್ ಹಾಸುತ್ತೇನೆ. ಕೊಯ್ದ ಮೇಲೂ ಎರಡು ತುಂಡು ಕುಸಿಯದೆ ಮಲಗಿರುತ್ತವೆ. ಶೀಟಿನ ದಪ್ಪಕ್ಕಿಂತ ಬ್ಲೇಡು ಐದಾರು ಮಿ.ಮೀ. ಹೆಚ್ಚು ಇಳಿದರೆ ಸಾಕು. ಹೊಸ ಹಳಿಯಂಚಿನ ರಬ್ಬರನ್ನು ಮೊದಲ ಕೊಯ್ತದಲ್ಲಿ ಗರಗಸವೇ ಕತ್ತರಿಸಿಕೊಳ್ಳುತ್ತದೆ. ನಂತರ ಗುರುತಿನ ಮೇಲೆ ಆ ಅಂಚನ್ನಿಟ್ಟರೆ ಆಯಿತು. ಬ್ಲೇಡಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಮೇಲ್ಮೈಯ ಚಕ್ಕೆ ಏಳುತ್ತದೆ. ರಬ್ಬರು ಅದನ್ನು ಒತ್ತಿಹಿಡಿಯುತ್ತದೆ. ಹಳಿಯಿಲ್ಲದ ಕಡೆ ಚಕ್ಕೆ ಎದ್ದೇ ಏಳುತ್ತದೆ, ಹಾಗಾಗಿ ಬೇಕಾದ ತುಂಡು ಹಳಿಯಡಿಗಿರಬೇಕು.

ಮೊದಲ ದಿನ ಭಾಯಿ ಹತ್ತಿರ ಬರಲಿಲ್ಲ. ಅಬ್ಬಾ ಕವಚವನ್ನು ತಿರುಗಿಸಿ ನೋಡಿ, ಇದನ್ನು ಬಿಚ್ಚಲಾಗುತ್ತದೆಯೇ ಎಂದಷ್ಟೇ ಕೇಳಿದರು. ಆಗುವುದಿಲ್ಲ ಎಂದೆ. ಈಗ ಭಾಯಿ ಅಳತೆ ಹಿಡಿದು ಗುರುತು ಹಾಕುತ್ತಾರೆ, ನಾನು ಕೊಯ್ಯುತ್ತೇನೆ. ಯಂತ್ರವನ್ನು ಅವರು ಇನ್ನೂ ಮುಟ್ಟಿಲ್ಲ. ನಾನೂ ಒತ್ತಾಯಿಸಿಲ್ಲ.