ಕಾಲು ನೆಲಕ್ಕೆ ಸಿಗುತ್ತಾ?

ಹಳೇ ಬೈಕು ಮಾರುವವರ ಜಾಹೀರಾತಿಗೆಲ್ಲ ಒಂದೇ ಧಾಟಿ. ಸಿಂಗಲ್ ಓನರ್, ಶೋರೂಮ್ ಸರ್ವಿಸ್, ಮೈಲೇಜ್ ಇಷ್ಟು, ಡಾಕ್ಟರ್ ಓಡಿಸಿದ ಗಾಡಿ. (ಡಾಕ್ಟರು ಓಡಿಸಿದರೆ ಎಂಜಿನ್ನಿಗೆ ಆಯಸ್ಸು ಜಾಸ್ತಿ ಎಂಬ ನಂಬಿಕೆ ಎಲ್ಲಿಂದ ಬಂತೋ!) ಸೀಟು ನೆಲದಿಂದ ಎಷ್ಟು ಎತ್ತರ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಐದಡಿ ಒಂದಿಂಚಿನ ಗಿರಾಕಿಗೆ ಮೊದಲು ಬೇಕಾದದ್ದು ಅದೇ.

ಅಂಥವರಿಗೆ ಬಜಾಜ್ ಅವೆಂಜರ್ ಹಳೇ ನೆಂಟ. ಕವಾಸಕಿಯ ಎಲಿಮಿನೇಟರ್ ಎಂಬ ಕ್ರೂಸರನ್ನು ಬಜಾಜ್ ಇಲ್ಲಿ ಮಾರುತ್ತಿತ್ತು. ಅದರ ಜಾಗಕ್ಕೆ 2005ರಲ್ಲಿ ಅವೆಂಜರ್ ಬಂತು. ಸೀಟಿನ ಎತ್ತರ 737 ಮಿಲಿಮೀಟರ್. ರಾಯಲ್ ಎನ್‌ಫೀಲ್ಡಿನ ಮೀಟಿಯರ್ 350ಕ್ಕೆ 765, ಕ್ಲಾಸಿಕ್ 350ಕ್ಕೆ 805, ಹಳೇ ಕೆಟಿಎಂ 390 ಅಡ್ವೆಂಚರಿಗೆ 855. ಕಾಗದದ ಮೇಲೆ ಇದು ಹೆಚ್ಚೆಂದರೆ ನಾಲ್ಕೈದು ಇಂಚಿನ ಮಾತು. ಹಿಂದಿನಿಂದ ಬಿಎಂಟಿಸಿ ಬಸ್ಸು ಹಾರ್ನ್ ಹೊಡೆಯುತ್ತಿರುವ ಸಿಗ್ನಲ್ಲಿನಲ್ಲಿ, 150 ಕಿಲೋ ದಾಟಿದ ಗಾಡಿಯನ್ನು ಎರಡೂ ಅಂಗಾಲು ಊರಿ ಹಿಡಿಯುತ್ತೀರೋ, ಒಂದು ಕಾಲಿನ ತುದಿಬೆರಳಲ್ಲಿ ತಡೆಯುತ್ತೀರೋ ಎಂಬ ಮಾತು.

ಗಾಡಿ ಓಡುತ್ತಿರುವಾಗ ಆಳಿನ ಎತ್ತರ ಲೆಕ್ಕಕ್ಕೇ ಇಲ್ಲ. ಸ್ಪೇನಿನ ಡ್ಯಾನಿ ಪೆಡ್ರೋಸಾ 160 ಸೆಂಟಿಮೀಟರ್ ಆಸುಪಾಸಿನವರು. ಮೋಟೋಜಿಪಿಯಲ್ಲಿ 31 ರೇಸು ಗೆದ್ದವರು. ಆದರೆ ರೇಸ್ ಟ್ರ್ಯಾಕಿನಲ್ಲಿ, ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿದ ಗಾಡಿಯನ್ನು ಕೂತಲ್ಲೇ ಹಿಂದಕ್ಕೆ ತಳ್ಳುವ ಪ್ರಸಂಗ ಬರುವುದಿಲ್ಲ.

ಅಂಕಿಯೊಂದನ್ನೇ ನಂಬುವಂತೆಯೂ ಇಲ್ಲ. ಸೀಟು ಮುಂದುಗಡೆ ಅಗಲವಾಗಿದ್ದರೆ ತೊಡೆ ಹರಡಿ ಕಾಲು ಗಿಡ್ಡವಾಗುತ್ತದೆ. ಸಪೂರವಾಗಿದ್ದರೆ ಎತ್ತರದ ಗಾಡಿಯಲ್ಲೂ ಪಾದ ಊರುತ್ತದೆ. ಅದಕ್ಕೇ ಕೆಲವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸೀಟಿನ ಫೋಮ್ ಕೊರೆಸಿಕೊಳ್ಳುತ್ತಾರೆ. ಇನ್ನು ಕೆಲವರು ಹಿಂದಿನ ಸಸ್ಪೆನ್ಷನ್ನನ್ನೇ ತಗ್ಗಿಸುತ್ತಾರೆ. ಆಗ ಸೈಡ್ ಸ್ಟ್ಯಾಂಡನ್ನೂ ಅಷ್ಟೇ ಕತ್ತರಿಸಿ ಬೆಸುಗೆ ಹಾಕಿಸಬೇಕು, ಇಲ್ಲದಿದ್ದರೆ ನಿಲ್ಲಿಸಿದ ಗಾಡಿ ತೀರಾ ನೆಟ್ಟಗೆ ನಿಂತು, ಯಾರಾದರೂ ಸವರಿಕೊಂಡು ಹೋದರೂ ಆಚೆ ಬದಿಗೆ ಉರುಳುತ್ತದೆ. ಕಂಪನಿ ಸೀಟನ್ನು ಅಟ್ಟದ ಮೇಲೆ ಜೋಪಾನವಾಗಿಟ್ಟವರು ಜಾಣರು. ಮಾರುವಾಗ ಎರಡೂ ಸೀಟು ಕೊಟ್ಟರೆ ಗಿರಾಕಿಯ ಮುಖವೇ ಅರಳುತ್ತದೆ.

ಇಂಥ ತಗ್ಗಿನ ಗಾಡಿ ನೋಡಲು ಬರುವವಳು ಹೆಚ್ಚಾಗಿ ಕೆಲಸಕ್ಕೆ ಹೋಗುವ ಹುಡುಗಿ, ಜೊತೆಗೆ ಅಣ್ಣನೋ ಅಪ್ಪನೋ. ಮಾರುವವರು ಕ್ಲಚ್ಚು, ಪಿಕಪ್ಪು ಎಲ್ಲವನ್ನೂ ವಿವರಿಸುವುದು ಆ ಅಣ್ಣನಿಗೆ. ಅವಳು ಸುಮ್ಮನೆ ಕೂತು, ಸ್ಟ್ಯಾಂಡ್ ತೆಗೆದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ, ಹ್ಯಾಂಡಲ್ ಪೂರ್ತಿ ತಿರುಗಿಸಿ ನೋಡಿರುತ್ತಾಳೆ. ವ್ಯಾಪಾರ ಅಲ್ಲೇ ಅರ್ಧ ಮುಗಿದಿರುತ್ತದೆ. ಅದು ಗೊತ್ತಾಗದೆ, "ಲೇಡೀಸ್ ಗಾಡಿ ತಗೊಳ್ಳೋರು ಕಮ್ಮಿ" ಎಂಬ ದಲ್ಲಾಳಿಯ ಮಾತಿಗೆ ಹೆದರಿ ರೇಟು ಇಳಿಸುವವರೂ ಇದ್ದಾರೆ. ಎತ್ತರ ಸಾಲದ ಗಂಡಸರೂ ಇಂಥದ್ದೇ ಗಾಡಿ ಹುಡುಕುತ್ತಿರುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಮೆಕ್ಯಾನಿಕ್ ಜೊತೆಗೆ ಬಂದರೆ ಕಥೆಯೇ ಬೇರೆ. ಅವನು ಮೊದಲು ಎಂಜಿನ್ ಮೇಲೆ ಅಂಗೈ ಇಡುತ್ತಾನೆ. ಬೆಚ್ಚಗಿದ್ದರೆ ಬೆಳಿಗ್ಗೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ತಣ್ಣಗಿರುವಾಗ ಏನೋ ತಕರಾರಿದೆ ಎಂದೇ ಅವನ ಗುಮಾನಿ. ಆಮೇಲೆ ಟೈರಿನ ಪಕ್ಕದ ನಾಲ್ಕಂಕಿ ಓದುತ್ತಾನೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಫೋರ್ಕಿನ ಕಡ್ಡಿಗೆ ಬೆರಳು ಸವರಿ ಎಣ್ಣೆ ಅಂಟಿತೇ ಎಂದು ನೋಡುತ್ತಾನೆ. ತಗ್ಗಿನ ಗಾಡಿಯಾದ್ದರಿಂದ ಕೊನೆಗೆ ಮಂಡಿಯೂರಿ ಎಂಜಿನ್ನಿನ ಹೊಟ್ಟೆಗೆ ಮೊಬೈಲ್ ಟಾರ್ಚ್ ಬಿಡುತ್ತಾನೆ. ನಮ್ಮ ಊರಿನ ಹಂಪುಗಳು ಗೀಚಿದ ಹಸ್ತಾಕ್ಷರ ಅಲ್ಲಿರುತ್ತದೆ. ಮೇಲೆ ಎಷ್ಟೇ ಪಾಲಿಷ್ ಹೊಡೆಸಿದ್ದರೂ ಅಲ್ಲಿ ನಡೆಯದು.

ದುಡ್ಡು ಎಣಿಸಿಕೊಂಡು ಕೀ ಕೊಟ್ಟರೆ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಮಾರಿದವರಿಗೆ ಫಾರಂ 29, ಕೊಂಡವರಿಗೆ ಫಾರಂ 30. ಸಾಲ ತೀರಿಸಿದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ಆರ್‌ಸಿ ಯಾರ ಹೆಸರಿನಲ್ಲಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ; ಮಾರಿದ ಮೇಲೆ ಆದ ಅಪಘಾತದ ಪರಿಹಾರವೂ ಅವರ ತಲೆಗೇ. ಇದರ ನಡುವೆ ಒಂದು ಸಣ್ಣ ಲಾಭವೂ ಉಂಟು. ಕ್ಲೈಮ್ ಮಾಡದೆ ಕೂಡಿಟ್ಟ ನೋ ಕ್ಲೈಮ್ ಬೋನಸ್ ಗಾಡಿಯ ಹಿಂದೆ ಹೋಗುವುದಿಲ್ಲ, ಮಾರಿದವರ ಬಳಿಯೇ ಉಳಿಯುತ್ತದೆ. ಇನ್ಶೂರೆನ್ಸ್ ಕಂಪನಿಯಿಂದ ಅದಕ್ಕೊಂದು ಪತ್ರ ಬರೆಸಿಕೊಂಡರೆ ಮುಂದಿನ ಗಾಡಿಯ ಪ್ರೀಮಿಯಮ್ಮಿನಲ್ಲಿ ಕಳೆಯುತ್ತಾರೆ.