ಯಾರ್ರೀ ಈ ದುಷ್ಮನ್?

ನಮ್ಮ ಹೊರಮಾವಿನ ಹುಡುಗರ ಬಾಯಲ್ಲಿ ‘ಎದುರಾಳಿ’ ಅನ್ನೋ ಮಾತು ಬರೋದೇ ಇಲ್ಲ ಸ್ವಾಮಿ. ಅದು ಪೇಪರಿನ ಭಾಷೆ. ನಮಗಿರೋದು ಒಂದೇ ಮಾತು... ದುಷ್ಮನ್! ಕ್ರಿಕೆಟ್‌ನಲ್ಲಿ ಮೇಲಿನ ಬೀದಿಯವರು ದುಷ್ಮನ್. ನಾನು ನೋಡೋ ಹುಡುಗಿಯನ್ನೇ ನೋಡೋನು ದುಷ್ಮನ್. ಎಲ್ಲರಿಗಿಂತ ದೊಡ್ಡ ದುಷ್ಮನ್ ಯಾರು? ಇನ್ನೊಬ್ಬ ಹೀರೋನ ಅಭಿಮಾನಿ!

ಮಾತು ಫಾರ್ಸಿಯದು. 1809ರಲ್ಲಿ ಇಂಗ್ಲಿಷರ ದಂಡು ಇಲ್ಲಿಗೆ ಬರೋದಕ್ಕೆ ಮುಂಚೆಯೇ, ಹೈದರ್-ಟಿಪ್ಪು ಕಾಲದಲ್ಲೇ, ಫಾರ್ಸಿ ದರ್ಬಾರಿನ ಭಾಷೆಯಾಗಿತ್ತು. ಜಮೀನು, ಗುಮಾಸ್ತ, ದೋಸ್ತಿ ಎಲ್ಲ ಅದೇ ಮನೆಯವು. ದುಷ್ಮನ್ ಮಾತ್ರ ನಮ್ಮ ಕಡೆಗೆ ಬಂದದ್ದು ಶಿವಾಜಿನಗರದ ಬಸ್ ಹತ್ತಿ ಅಂತ ನನ್ನ ಲೆಕ್ಕ. ಅಲ್ಲಿನ ಗ್ಯಾರೇಜು, ಗುಜರಿ ಅಂಗಡಿಗಳಲ್ಲಿ ದಖನಿ ಉರ್ದು. ನಮ್ಮ ಹುಡುಗರು ಸ್ಪ್ಯಾನರ್ ಹಿಡಿಯೋದರ ಜತೆ ಮಾತನ್ನೂ ಕಲಿತರು. ಹಿಂದಿ ಪಿಕ್ಚರುಗಳು ಅದಕ್ಕೆ ಖದರು ಕೊಟ್ಟವು.

ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ತುರ್ಕಿಯವರು, ರುಮೇನಿಯಾದವರು ಕೂಡ ಶತ್ರುವಿಗೆ ಇದೇ ಮಾತು ಹೇಳ್ತಾರೆ. 1979ರಿಂದ 89ರವರೆಗೆ ಆಫ್ಘಾನಿಸ್ತಾನದಲ್ಲಿ ಕಾದಾಡಿದ ರಷ್ಯನ್ ಸಿಪಾಯಿಗಳು ಎದುರಿನವರನ್ನು ‘ದುಷ್ಮನ್’ ಅಂತಲೇ ಕರೆದರು. ಕೊನೆಗೆ ಅದನ್ನು ‘ದುಖ್’ ಅಂತ ಮೊಟಕು ಮಾಡಿಕೊಂಡರು. ರಷ್ಯನ್‌ನಲ್ಲಿ ಹಾಗಂದರೆ ಪ್ರೇತಾತ್ಮ!

ಮೂಲ ಅರ್ಥ ಕೇಳಿದರೆ ಇನ್ನೂ ತಮಾಷೆ. ‘ದುಷ್’ ಅಂದ್ರೆ ಕೆಟ್ಟ, ‘ಮನ್’ ಅಂದ್ರೆ ಮನಸ್ಸು. ಸಂಸ್ಕೃತದ ‘ದುರ್ಮನಸ್’ಗೆ ಒಡಹುಟ್ಟು. ಕತ್ತಿಯೂ ಇಲ್ಲ, ಮಚ್ಚೂ ಇಲ್ಲ... ಬರೀ ಮನಸ್ಸು.

ರಾಜ್‌ಕುಮಾರ್-ವಿಷ್ಣುವರ್ಧನ್ ಒಟ್ಟಿಗೆ ನಟಿಸಿದ್ದು 1973ರ ‘ಗಂಧದ ಗುಡಿ’ ಒಂದರಲ್ಲೇ. ಆಮೇಲೆ ವರ್ಷಗಟ್ಟಲೆ ಅಭಿಮಾನಿಗಳು ಎರಡು ಪಾರ್ಟಿಯಾಗಿ ಕಿತ್ತಾಡಿದರು. ನಾನು ಹುಟ್ಟಿದ್ದು ಅದಾದ ಎಷ್ಟೋ ವರ್ಷಕ್ಕೆ. ಹೀರೋಗಳು ಬೇರೆ, ಜಗಳ ಅದೇ!

ನನಗೂ ಒಬ್ಬ ದುಷ್ಮನ್ ಇದ್ದ. ಒಂದೇ ಬೀದಿ, ಒಂದೇ ಬೆಂಚು. ಪಿಯುಸಿಯಲ್ಲಿದ್ದಾಗ ಅವನ ಹೀರೋನ ಬ್ಯಾನರ್ ಹರಿದಿತ್ತು. ಹರಿದಿದ್ದು ನಾನಲ್ಲ, ಆದರೆ ‘ನಾನೇ ಕಣೋ, ಏನೀಗ?’ ಅಂದುಬಿಟ್ಟೆ. ಬೇಕಿತ್ತಾ? ಅವತ್ತಿನಿಂದ ನಮ್ಮ ಗ್ಯಾಂಗಿನಲ್ಲಿ ಅವನಿಗೆ ಹೆಸರೇ ಇಲ್ಲ, ‘ದುಷ್ಮನ್ ಬಂದ’, ‘ದುಷ್ಮನ್ ಹೋದ’ ಅಷ್ಟೆ. ನಾನು ಕಾಲೇಜು ಬಿಟ್ಟೆ, ಪತ್ರಿಕೆಗಳಿಗೆ ಬರೆಯೋಕೆ ಹಿಡಿದೆ. ಅವನ ತಂದೆ ತೀರಿಕೊಂಡ ದಿನ ಬೇಕರಿ ಮರೆಯಲ್ಲಿ ನಿಂತು ನೋಡಿದೆ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ಮನುಷ್ಯ. ಹೋಗಿ ಒಂದು ಹೂವು ಹಾಕಲಿಲ್ಲ. ಗ್ಯಾಂಗಿನವರು ಏನಂತಾರೋ ಅಂತ!

ಮೊನ್ನೆ ಶಿವಾಜಿನಗರದ ಬಸ್ಸು. ಕಾಲಿಡೋಕೆ ಜಾಗ ಇಲ್ಲ. ಕಿಟಕಿ ಪಕ್ಕ ಅವನೇ. ನೋಡಿದ. ಸ್ವಲ್ಪ ಹೊತ್ತು ಹೊರಗೆ ನೋಡಿದ. ಆಮೇಲೆ ಬ್ಯಾಗು ಎತ್ತಿ ತೊಡೆ ಮೇಲಿಟ್ಟುಕೊಂಡ. ಪಕ್ಕದ ಸೀಟು ಖಾಲಿಯಾಯ್ತು. ಕೂತೆ.

‘ಅಪ್ಪನ ವಿಷಯ...’ ಅಂದೆ. ಗಂಟಲು ಕಟ್ಟಿತು.

‘ಬೇಕರಿ ಹತ್ರ ನಿಂತಿದ್ಯಲ್ಲ, ನೋಡಿದೆ’ ಅಂದ.

ಕಂಡಕ್ಟರ್ ಬಂದ. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವನೇ ದುಡ್ಡು ಚಾಚಿದ್ದ... ‘ಎರಡು, ಶಿವಾಜಿನಗರ.’